ಕಿಟ್ ಕೊಂಡರೆ ಕೈಕೆಲಸ ಆಗಲ್ಲ

ಕಳೆದ ಆಗಸ್ಟ್‌ನಲ್ಲಿ ಸೆಕೆಂಡ್ ಇಯರ್ ಹಾಸ್ಟೆಲ್ ಬ್ಲಾಕಿಗೆ ಬಂದಾಗ ನಮ್ಮ ಮೂವರಿಗೂ ಒಂದೇ ಆಸೆ ಇತ್ತು. ಈ ವರ್ಷವಾದರೂ ರೂಮು ನೋಡೋ ಹಾಗಿರಬೇಕು. ಮೂರು ಕಬ್ಬಿಣದ ಮಂಚ, ಮೂರು ಟೇಬಲ್ಲು, ಮಾಸಿದ ಡಿಸ್ಟೆಂಪರ್ ಗೋಡೆ, ಆ ಗೋಡೆ ಮೇಲೆ ಹಿಂದಿನ ಬ್ಯಾಚಿನ ಯಾರೋ ಪುಣ್ಯಾತ್ಮ ಪೆನ್ಸಿಲಲ್ಲಿ ಬರೆದು ಹೋಗಿದ್ದ ಲಾಪ್ಲಾಸ್ ಫಾರ್ಮುಲಾಗಳು. ಇದರಲ್ಲಿ ಹತ್ತು ತಿಂಗಳು ಕಳೀಬೇಕು ಅಂದರೆ ಏನಾದರೂ ಮಾಡಲೇಬೇಕು ಅನಿಸಿತು. "ಐನೂರು ರೂಪಾಯಿಯಲ್ಲಿ ರೂಮ್ ಮೇಕೋವರ್" ಅಂತ ಒಂದು ವಿಡಿಯೋ ನೋಡಿದೆವು. ಆಮೇಲೆ ಅಂಥವೇ ಹದಿನೈದು ನೋಡಿದೆವು. ರಾತ್ರಿ ಒಂದು ಗಂಟೆಗೆ ಆರ್ಡರ್ ಹಾಕಿದೆವು.

ಬಿಲ್ಲು ಇನ್ನೂ ಫೋನಲ್ಲಿದೆ, ಹೇಳಿಬಿಡ್ತೀವಿ. ಸೀರಿಯಲ್ ಲೈಟು 249, ದಾರ ಗಂಟು ಹಾಕಿ ಗೋಡೆಗೆ ತೂಗುಹಾಕೋ ಮ್ಯಾಕ್ರಮೆ ಕಿಟ್ಟು 449, ಪೋಸ್ಟರ್ ಸೆಟ್ಟು 199, ಪ್ಲಾಸ್ಟಿಕ್ ಎಲೆ ಬಳ್ಳಿ 299, ಗ್ಲೂ ಗನ್ನು ಮತ್ತು ಅದರ ಕಡ್ಡಿಗಳು 349, ಡಬಲ್ ಸೈಡ್ ಟೇಪು 120, ಬಾಟಲಿಗೆ ಬಳಿಯೋಕೆ ಅಕ್ರಿಲಿಕ್ ಬಣ್ಣ 175. ಒಟ್ಟು 1,840 ರೂಪಾಯಿ. ವಿಡಿಯೋದವರ ಐನೂರು ಎಲ್ಲಿ, ನಮ್ಮ ಸಾವಿರದೆಂಟುನೂರು ಎಲ್ಲಿ? ಮತ್ತೆ ಹೋಗಿ ನೋಡಿದಾಗ ಗೊತ್ತಾಯಿತು. ಗ್ಲೂ ಗನ್ನು, ಬಣ್ಣ, ಟೇಪು ಎಲ್ಲ "ನಿಮ್ಮ ಮನೆಯಲ್ಲಿ ಹೇಗೂ ಇರುತ್ತೆ" ಅನ್ನೋ ಲೆಕ್ಕಕ್ಕೆ ಹೋಗಿತ್ತು. ಯಾರ ಮನೆಯಲ್ಲಿ ಇರುತ್ತೆ ಸ್ವಾಮಿ ಗ್ಲೂ ಗನ್ನು?

ಮೊದಲ ಎರಡು ವಾರ ರೂಮು ಚೆನ್ನಾಗೇ ಇತ್ತು, ಸುಳ್ಳು ಹೇಳಲ್ಲ. ಪಕ್ಕದ ರೂಮಿನವರು ಬಂದು ಫೋಟೋ ತಗೊಂಡು ಹೋದರು. ಗಣೇಶನ ಹಬ್ಬ ಮುಗಿಸಿ ಬರೋಷ್ಟರಲ್ಲಿ ಬಳ್ಳಿ ಒಂದು ಕಡೆ ಜೋತುಬಿದ್ದಿತ್ತು. ದೀಪಾವಳಿಗೆ ಪೂರ್ತಿ ಕೆಳಗೆ. ಬಾಟಲಿಗೆ ಸುತ್ತಿದ್ದ ಸೆಣಬಿನ ದಾರ ಕಾಲುಚೀಲದ ಥರ ಜಾರಿ ಬುಡಕ್ಕೆ ಬಂತು. ಮ್ಯಾಕ್ರಮೆ ಇವತ್ತಿಗೂ ಅರ್ಧಕ್ಕೇ ನಿಂತಿದೆ, ಇಂಟರ್ನಲ್ಸ್ ಮುಗಿದ ಮೇಲೆ ಮಾಡೋಣ ಅಂತ. ಜನವರಿಯಲ್ಲಿ ರೂಮ್ ಚೆಕಿಂಗ್‌ಗೆ ಬಂದವರು ಟೇಪಿನ ಜೊತೆ ಕಿತ್ತುಬಂದ ಪೇಂಟನ್ನು ನೋಡಿ ಡಿಪಾಸಿಟ್‌ನಲ್ಲಿ 600 ರೂಪಾಯಿ ಹಿಡಿದರು. ಅವರ ತಪ್ಪಲ್ಲ ಬಿಡಿ, ಗೋಡೆಯಲ್ಲಿ ಕರ್ನಾಟಕದ ನಕ್ಷೆಯಷ್ಟು ದೊಡ್ಡ ಕಲೆ ಇತ್ತು. ಅಲ್ಲಿಗೆ ಒಟ್ಟು 2,440. ತಲೆಗೆ 813 ಚಿಲ್ಲರೆ. ಒಂದು ಬಿರಿಯಾನಿ ಪಾರ್ಟಿ ಆರಾಮಾಗಿ ಆಗ್ತಿತ್ತು.

ಇದನ್ನೆಲ್ಲ ಹೇಳ್ತಿರೋದು ರೂಮು ಅಲಂಕಾರ ಮಾಡಬೇಡಿ ಅಂತ ಅಲ್ಲ. ಮಾಡಿ. ಮನೆ ಬಿಟ್ಟು ಬಂದವರಿಗೆ ನಾಲ್ಕು ಗೋಡೆ ಸ್ವಲ್ಪ ನಮ್ಮದು ಅನಿಸೋದು ಸಣ್ಣ ವಿಷಯವೇನಲ್ಲ. ನಮ್ಮ ತಕರಾರು ಇರೋದು ಆ "ಡಿಐವೈ" ಅನ್ನೋ ಮೂರಕ್ಷರದ ಜೊತೆ. "ನೀವೇ ಮಾಡಿ" ಅಂತ ಹೆಸರು, ಆದರೆ ನಾವು ಮಾಡಿದ್ದು ಶಾಪಿಂಗು. ಕಡೆಯ ಐದು ನಿಮಿಷದ ಅಂಟಿಸೋ ಕೆಲಸ ಮಾತ್ರ ನಮ್ಮದು.

ಈ ಬುದ್ಧಿ ನಮಗೆ ಇದ್ದಕ್ಕಿದ್ದಂತೆ ಬಂದಿದ್ದಲ್ಲ. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಓದಿದ ಎಲ್ಲರಿಗೂ "ಬೆಸ್ಟ್ ಔಟ್ ಆಫ್ ವೇಸ್ಟ್" ಕಾಂಪಿಟಿಷನ್ ನೆನಪಿರಬೇಕು. ಕಸದಿಂದ ರಸ. ಹಿಂದಿನ ದಿನ ರಾತ್ರಿ ಎಂಟು ಗಂಟೆಗೆ ಅಪ್ಪನ ಸ್ಕೂಟರ್ ಹಿಂದೆ ಕೂತು ಸ್ಟೇಷನರಿ ಅಂಗಡಿಗೆ ಹೋಗೋದು. ಅಲ್ಲಿ ಐಸ್‌ಕ್ರೀಮ್ ಕಡ್ಡಿ ಪ್ಯಾಕೆಟ್ಟಿನಲ್ಲಿ ಸಿಗುತ್ತೆ, ಒಂದೂ ಐಸ್‌ಕ್ರೀಮ್ ಕಂಡಿರಲ್ಲ. ಥರ್ಮಾಕೋಲ್ ಶೀಟು, ಮಿನುಗು ಪುಡಿ, ಬಣ್ಣದ ಹಾಳೆ, ಎಲ್ಲ ಹೊಸದು. ರಾತ್ರಿ ಹನ್ನೊಂದರ ತನಕ ಅಮ್ಮ ಕೂತು ಮನೆ ಮಾಡ್ತಾರೆ, ನಾವು ಬಾಗಿಲಿಗೆ ಬಣ್ಣ ಹಚ್ಚಿ ಮಲಗ್ತೀವಿ. ಪ್ರೈಜು ನಮಗೆ. ಮರುವಾರ ಆ ರಸ ಪುನಃ ಕಸ. ಒಂದೂ ವೇಸ್ಟ್ ಇಲ್ಲದ ಆ ಸ್ಪರ್ಧೆಗೆ ಆ ಹೆಸರು ಯಾಕೆ ಇಟ್ಟರು ಅಂತ ಆಗ ನಮಗ್ಯಾರಿಗೂ ಅನಿಸಲಿಲ್ಲ.

ಬಳ್ಳಿ ಯಾಕೆ ಬಿತ್ತು, ದಾರ ಯಾಕೆ ಜಾರಿತು ಅನ್ನೋದನ್ನ ನಾವು ಆಮೇಲೆ ಕೂತು ಯೋಚಿಸಿದೆವು. ಎಂಜಿನಿಯರಿಂಗ್ ಓದೋರು, ಕೊಳ್ಳೋಕೆ ಮುಂಚೆ ಯೋಚಿಸಬೇಕಿತ್ತು, ಇರಲಿ. ಗ್ಲೂ ಗನ್ನಿನ ಅಂಟು ಒಂದು ಪ್ಲಾಸ್ಟಿಕ್. ಬಿಸಿಗೆ ಕರಗಿ, ತಣ್ಣಗಾದಾಗ ಗಟ್ಟಿಯಾಗುತ್ತೆ. ಬಟ್ಟೆ, ರಟ್ಟು, ಮರದಂಥ ಒರಟು ಮೈಯ ಸಂದುಗಳಿಗೆ ಇಳಿದು ಹಿಡಿದುಕೊಳ್ಳುತ್ತೆ. ಗಾಜು ನುಣುಪು, ಮೇಲಾಗಿ ತಣ್ಣಗಿರುತ್ತೆ. ಅಂಟು ಹರಡೋಕೆ ಮುಂಚೆ ಗಟ್ಟಿಯಾಗಿಬಿಡುತ್ತೆ, ಆಮೇಲೆ ಉಗುರಲ್ಲಿ ಎತ್ತಿದರೆ ಇಡಿಯಾಗಿ ಎದ್ದು ಬರುತ್ತೆ. ಫೆವಿಕಾಲ್‌ನದು ಇನ್ನೊಂದು ಕಥೆ. ಅದರೊಳಗಿನ ನೀರು ಮರವೋ ಕಾಗದವೋ ಹೀರಿಕೊಂಡಾಗ ಅದು ಕಚ್ಚಿಕೊಳ್ಳೋದು. ಪ್ಲಾಸ್ಟಿಕ್ ಎಲೆ ನೀರು ಹೀರುತ್ತಾ? ಇಲ್ಲ. ಇನ್ನು ಡಬಲ್ ಸೈಡ್ ಟೇಪು. ಟೇಪಿಗೂ ಪೇಂಟಿಗೂ ಇರೋ ಹಿಡಿತ, ಆ ಹಳೇ ಪೇಂಟಿಗೂ ಗೋಡೆಗೂ ಇರೋ ಹಿಡಿತಕ್ಕಿಂತ ಜಾಸ್ತಿ. ಎಳೆದಾಗ ಎಲ್ಲಿ ಕಡಿಮೆಯೋ ಅಲ್ಲಿ ಬಿಡುತ್ತೆ. ಇಷ್ಟನ್ನು ತಿಳಿಯೋಕೆ 600 ರೂಪಾಯಿ ಫೀಸು.

ಮೈದಾ ಅಂಟು ಇದಕ್ಕಿಂತ ಎಷ್ಟೋ ಮೇಲು. ಗೋಡೆ ಪೋಸ್ಟರ್ ಅಂಟಿಸೋರು, ಬೈಂಡಿಂಗ್ ಮಾಡೋರು ಬಳಸ್ತಿದ್ದದ್ದು ಅದನ್ನೇ. ಒಂದು ಲೋಟ ನೀರಿಗೆ ಮೂರು ಚಮಚ ಮೈದಾ, ಗಂಟಿಲ್ಲದಂತೆ ಕಲಸಿ, ಕೈಯಾಡಿಸ್ತಾ ಸಣ್ಣ ಉರಿಯಲ್ಲಿ ಕಾಯಿಸಿದರೆ ಸಾಕು. ಅಂಬಲಿ ಥರ ಗಟ್ಟಿಯಾಗಿ ಪಾರದರ್ಶಕ ಆದಾಗ ಇಳಿಸೋದು. ಹುಳ ಬಾರದಿರಲಿ ಅಂತ ಬೈಂಡಿಂಗಿನವರು ಅದಕ್ಕೆ ಮೈಲುತುತ್ತ ಹಾಕ್ತಾರೆ, ಅದು ವಿಷ, ರೂಮಿನಲ್ಲಿ ಬೇಡ. ಬೇಡವಾದಾಗ ಒದ್ದೆ ಬಟ್ಟೆ ಒತ್ತಿ ಹತ್ತು ನಿಮಿಷ ಬಿಟ್ಟರೆ ಕಾಗದ ಬಿಟ್ಟುಕೊಳ್ಳುತ್ತೆ. ಆದರೆ ನಮ್ಮಂಥ ಹಳೇ ಡಿಸ್ಟೆಂಪರ್ ಗೋಡೆಗೆ ನೀರೂ ಶತ್ರುವೇ, ಆದ್ದರಿಂದ ರಟ್ಟಿನ ಮೇಲೆ ಅಂಟಿಸಿ. ಆ ರಟ್ಟನ್ನ ತೂಗುಹಾಕೋಕೆ ಕಿಟಕಿ ಸರಳಿನಿಂದ ಬೀರು ಹಿಡಿಗೆ ಒಂದು ದಾರ, ಬಟ್ಟೆ ಒಣಹಾಕೋ ಕ್ಲಿಪ್ಪು. ಗೋಡೆ ಮುಟ್ಟಲೇಬೇಕಿಲ್ಲ. ಈಗ ನಮ್ಮ ರೂಮಿನಲ್ಲಿರೋದು ಅದೇ ವ್ಯವಸ್ಥೆ, ಖರ್ಚು 30 ರೂಪಾಯಿ, ಅದೂ ಕ್ಲಿಪ್ಪಿಗೆ.

ನಿಜವಾಗಿ ಹೇಳಬೇಕಾಗಿದ್ದು ಇದ್ಯಾವುದೂ ಅಲ್ಲ, ಕೌದಿಯ ವಿಷಯ.

ಮೇಲಿನ ಬಿಲ್ಲಿನಲ್ಲಿ ಇಲ್ಲದ ಒಂದು ವಸ್ತು ಇದೆ. ನಮ್ಮ ಮೂವರಲ್ಲಿ ಒಬ್ಬ ಧಾರವಾಡದ ಕಡೆಯವನು. ನವೆಂಬರ್ ಚಳಿಗೆ ಅವನು ತನ್ನ ದುಡ್ಡಲ್ಲಿ ಆನ್‌ಲೈನ್‌ನಲ್ಲಿ ಒಂದು ಹೊದಿಕೆ ತರಿಸಿದ. "ಬೋಹೋ ಹ್ಯಾಂಡ್‌ಮೇಡ್ ಪ್ಯಾಚ್‌ವರ್ಕ್" ಅಂತ ಹೆಸರು, 899 ರೂಪಾಯಿ. ಚೌಕ ಚೌಕ ಬಣ್ಣದ ಬಟ್ಟೆ ಜೋಡಿಸಿದ ಹಾಗೆ ಕಾಣ್ತಿತ್ತು. ಮಂಚದ ಮೇಲೆ ಹಾಸಿದರೆ ರೂಮಿಗೆ ಕಳೆ ಬಂತು ಅಂತ ನಾವೂ ಹೊಗಳಿದೆವು. ಮೊದಲ ಸಲ ಒಗೆದಾಗ ಬಕೆಟ್ ತುಂಬ ಬಣ್ಣ. ಹತ್ತಿರದಿಂದ ನೋಡಿದರೆ ಜೋಡಣೆಯೂ ಇಲ್ಲ, ಹೊಲಿಗೆಯೂ ಇಲ್ಲ. ಒಂದೇ ಬಟ್ಟೆಯ ಮೇಲೆ ಚೌಕಗಳನ್ನೂ, ಹೊಲಿಗೆಯ ಚುಕ್ಕಿಗಳನ್ನೂ ಪ್ರಿಂಟ್ ಮಾಡಿದ್ದರು. ಅವನು ವಿಡಿಯೋ ಕಾಲ್‌ನಲ್ಲಿ ಮನೆಯವರಿಗೆ ಅದನ್ನ ನಗುತ್ತಾ ತೋರಿಸಿದ. ಆ ಕಡೆ ಅವನ ಆಯಿ ಇದ್ದರು. ಅವರ ಮನೆಯಲ್ಲಿ ಅಜ್ಜಿಗೆ ಆಯಿ ಅಂತಾರೆ. ಫೋನನ್ನು ಮುಖದ ಹತ್ತಿರ ಹಿಡಿದು ನೋಡಿ, "ಇದು ಕೌದಿ ಅಲ್ಲಲೋ ತಮ್ಮಾ, ಕೌದಿ ಚಿತ್ರ" ಅಂದರು. ಆಮೇಲೆ ಕೇಳಿದರು, "ನಾ ಕೊಟ್ಟಿದ್ದು ಏನಾತು?"

ಅವನು ಸುಮ್ಮನಾದ.

ಫಸ್ಟ್ ಇಯರ್‌ಗೆ ಹೊರಡುವಾಗ ಆಯಿ ಅವನ ಬ್ಯಾಗಿಗೆ ಒಂದು ಕೌದಿ ತುಂಬಿದ್ದರಂತೆ. ಹೊರಡೋ ಹಿಂದಿನ ರಾತ್ರಿ ಅವನು ಅದನ್ನು ತೆಗೆದು ಅಟ್ಟದ ಟ್ರಂಕಿನ ಹಿಂದೆ ಇಟ್ಟು ಬಂದಿದ್ದ. ಹಾಸ್ಟೆಲಲ್ಲಿ ಹೊದಿಕೆ ಕೊಡ್ತಾರೆ ಅಂತ ಹೇಳಿದ್ದ. ನಮ್ಮ ಹಾಸ್ಟೆಲಲ್ಲಿ ದಿಂಬನ್ನೂ ಕೊಡಲ್ಲ. ಯಾಕೆ ಹಾಗೆ ಮಾಡಿದೆ ಅಂತ ನಾವು ಕೇಳಿದಾಗ, "ಹಳೇ ಅರಿವಿ ಹೊಲದಿದ್ದು ನೋಡಿ ನೀವೆಲ್ಲ ಏನಂತೀರೋ ಅಂತ" ಅಂದ. ನಾವು ಏನಂತಿದ್ವೋ ನಮಗೂ ಗೊತ್ತಿಲ್ಲ. ನಕ್ಕಿರುತ್ತಿದ್ದೆವು ಅಂತಲೇ ಅನಿಸುತ್ತೆ. ಅದೇ ವಸ್ತುವಿಗೆ ಇಂಗ್ಲಿಷ್ ಹೆಸರಿಟ್ಟು ಫೋಟೋ ಹಾಕಿದರೆ "ಸಖತ್ ಏಸ್ಥೆಟಿಕ್" ಅಂದಿರುತ್ತಿದ್ದೆವು. ನಮ್ಮಲ್ಲಿ ಇಬ್ಬರಿಗೆ "ಪ್ಯಾಚ್‌ವರ್ಕ್" ಗೊತ್ತು, "ಅಪ್‌ಸೈಕ್ಲಿಂಗ್" ಗೊತ್ತು. "ತೇಪೆ" ಅನ್ನೋದು ರಸ್ತೆ ಗುಂಡಿ ಮುಚ್ಚೋಕೆ ಪೇಪರಿನವರು ಬಳಸೋ ಪದ ಅಂದ್ಕೊಂಡಿದ್ದೆವು.

ಸಂಕ್ರಾಂತಿಗೆ ಹೋದಾಗ ಅವನು ಕೌದಿಯನ್ನ ತಂದ. ಬಿಚ್ಚಿ ಹಾಸಿದಾಗ ಮೊದಲು ತಿಳಿದಿದ್ದು ಅದರ ತೂಕ. ಒಳಗೆ ಹಳೇ ಸೀರೆ, ಧೋತ್ರದ ನಾಲ್ಕೈದು ಪದರ ಇದೆ. ಅವರ ಕಡೆ ದಸರೆಗೆ ಮುಂಚೆ ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೀತಾರೆ. ಒದ್ದೆ ಕೌದಿ ಹಿಂಡೋಕೆ ಆ ತುದಿಗೊಬ್ಬರು ಈ ತುದಿಗೊಬ್ಬರು ಬೇಕಂತೆ. ಮೇಲಿನ ತುಂಡುಗಳನ್ನ ಅವನು ಒಂದೊಂದಾಗಿ ತೋರಿಸಿದ. ಇದು ಆಯಿಯ ಹಸಿರು ಇಳಕಲ್ ಸೀರೆ, ಸೆರಗು ಹರಿದ ಮೇಲೆ. ಇದು ಅವ್ವ ಕಾಲೇಜಿಗೆ ಉಡ್ತಿದ್ದ ಕಾಟನ್ ಸೀರೆ. ಇದು ನನ್ನ ಮೂರನೇ ಕ್ಲಾಸಿನ ಯೂನಿಫಾರ್ಮು. ನಡುವೆ ಇದ್ದ ಬಿಳಿ ತುಂಡಿನ ಮೇಲೆ ಕೈಯಿಟ್ಟು "ಇದು ಮುತ್ಯಾನ ಧೋತ್ರ" ಅಂದ. ಅವನ ಅಜ್ಜ ತೀರಿಕೊಂಡಾಗ ಅವನು ಎಂಟನೇ ಕ್ಲಾಸಿನಲ್ಲಿದ್ದ.

ನಾವು ಅದನ್ನ ಸ್ಕೇಲ್ ಇಟ್ಟು ಅಳೆದೆವು. ಇದು ನಮ್ಮ ಕಾಯಿಲೆ, ಕ್ಷಮಿಸಿ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಹೊಲಿಗೆ ಸಾಲು ಹೊರ ಅಂಚಿನಿಂದ ಶುರುವಾಗಿ ಚೌಕದೊಳಗೆ ಚೌಕವಾಗಿ ನಡುವಿಗೆ ಬರುತ್ತೆ. ಸಾಲಿನಿಂದ ಸಾಲಿಗೆ ಅರ್ಧ ಇಂಚು. ಇಂಚಿಗೆ ನಾಲ್ಕು ಹೊಲಿಗೆ. ಲೆಕ್ಕ ಸುಲಭ. 72 ಇಂಚು ಗುಣಿಸು 48 ಇಂಚು, ಭಾಗಿಸು ಅರ್ಧ, ಅಂದರೆ 6,912 ಇಂಚು ಹೊಲಿಗೆ ಸಾಲು. ಸುಮಾರು 175 ಮೀಟರ್. ಗುಣಿಸು ನಾಲ್ಕು, 27,648 ಹೊಲಿಗೆ. ಅಷ್ಟು ಪದರದಲ್ಲಿ ಸೂಜಿ ತೂರಿಸಿ ನೋಡಿದಾಗ ನಮಗೆ ನಿಮಿಷಕ್ಕೆ 12 ದಾಟಲಿಲ್ಲ. ಆ ವೇಗದಲ್ಲಿ 38 ಗಂಟೆ, ಎದ್ದೇಳದೆ. ಬಟ್ಟೆ ಆಯೋದು, ಒಗೆದು ಜೋಡಿಸೋದು ಬೇರೆ. ಆಯಿ ನಮ್ಮ ಎರಡರಷ್ಟು ಬೇಗ ಹೊಲೀತಾರೆ ಅಂದ್ಕೊಂಡರೂ 19 ಗಂಟೆ.

ಈಗ ಆ 899 ರೂಪಾಯಿಯನ್ನ ಮತ್ತೆ ನೋಡಿ. ಅದು ನಿಜವಾದ ಕೈಹೊಲಿಗೆಯೇ ಆಗಿದ್ದು, ನಮ್ಮ ವೇಗದವರು ಹೊಲಿದಿದ್ದರೆ, ಪೂರ್ತಿ ದುಡ್ಡು ಹೊಲಿದವರ ಕೈಗೇ ಹೋದರೂ ಗಂಟೆಗೆ ಸುಮಾರು 23 ರೂಪಾಯಿ. ಕ್ಯಾಂಟೀನಿನ ಒಂದು ಟೀ ಬನ್ನು. ಅಂದರೆ ಅಷ್ಟು ಅಗ್ಗಕ್ಕೆ "ಹ್ಯಾಂಡ್‌ಮೇಡ್" ಸಿಗ್ತಿದೆ ಅಂದರೆ ಒಂದೋ ಅದು ಸುಳ್ಳು, ಇಲ್ಲವೇ ಯಾರದೋ ಕೈಗೆ ಕೂಲಿ ಸಿಗ್ತಿಲ್ಲ. ಈ ಲೆಕ್ಕ ಮನೆಯ ಕೌದಿಗೂ ಅನ್ವಯಿಸುತ್ತೆ ಅನ್ನೋದು ನಮಗೆ ಆಮೇಲೆ ಹೊಳೀತು. ಕೌದಿಗೆ ಖರ್ಚೇ ಇಲ್ಲ, ಹಳೇ ಬಟ್ಟೆ ಅಂತೀವಲ್ಲ, ಆ ಮೂವತ್ತೆಂಟು ಗಂಟೆಯನ್ನ ಯಾರೂ ಎಣಿಸಿರಲಿಲ್ಲ, ಅಷ್ಟೇ. ಶಾಲೆ ಕಾಂಪಿಟಿಷನ್ ರಾತ್ರಿ ಅಮ್ಮಂದಿರು ಹನ್ನೊಂದರ ತನಕ ಕೂತಿದ್ದನ್ನೂ ಎಣಿಸಲಿಲ್ಲ. "ಕಡಿಮೆ ಖರ್ಚಿನಲ್ಲಿ ಮನೆ ಅಲಂಕಾರ" ಅನ್ನೋ ಮಾತಿನಲ್ಲಿ ಆ ಕಡಿಮೆ ಎಲ್ಲಿಂದ ಬಂತು ಅಂತ ಕೇಳಿದರೆ, ಬಹಳ ಸಲ ಉತ್ತರ ಅಡುಗೆಮನೆಯಲ್ಲಿ ಸಿಗುತ್ತೆ.

ಇಲ್ಲಿ ಒಂದು ಜಗಳ ನಮ್ಮೊಳಗೇ ಆಯ್ತು. ನಮ್ಮಲ್ಲಿ ಬೆಂಗಳೂರಿನವನು, ಇದೆಲ್ಲ ಬಡತನಕ್ಕೆ ಬಣ್ಣ ಹಚ್ಚೋದು, ಅವರು ಗತಿಯಿಲ್ಲದೆ ಹೊಲಿದರು, ನಾವು ಕೂತು ಪ್ರಬಂಧ ಬರೀತಿದ್ದೀವಿ ಅಂದ. ತಪ್ಪು ಅನ್ನೋಕಾಗಲ್ಲ. ಧಾರವಾಡದವನ ಅವ್ವ ಶಾಲೆ ಟೀಚರ್. ಅವರನ್ನೇ ಕೇಳಿದೆವು. "ನಾ ಒಂದೂ ಹೊಲಿಲಿಲ್ಲಪಾ. ಸಾಲಿ, ಮನಿ, ನಿಮ್ಮ ಅಭ್ಯಾಸ, ಇದರಾಗ ಪುರಸೊತ್ತು ಎಲ್ಲೈತಿ? ರಗ್ಗು ಅಂಗಡ್ಯಾಗ ಸಿಗಾಕ ಹತ್ತಿದ ಮ್ಯಾಲೆ ನನಗ ಖುಷಿನ ಆತು" ಅಂದರು. ಸರಿಯಾದ ಮಾತು. ಅಮ್ಮಂದಿರು ಮತ್ತೆ ಕೌದಿ ಹೊಲೀಬೇಕು ಅಂತ ನಾವು ಹೇಳಿದರೆ ನಮ್ಮ ಬಾಯಿಗೆ ಹುಳ ಬೀಳುತ್ತೆ. ಆದರೆ ನಮಗೆ ಪುರುಸೊತ್ತು ಇಲ್ಲ ಅಂತ ಮಾತ್ರ ಹೇಳಬೇಡಿ. ಮೂವರ ಫೋನಿನ ಸ್ಕ್ರೀನ್ ಟೈಮ್ ತೆಗೆದು ನೋಡಿದೆವು. ಅಂಕಿ ಇಲ್ಲಿ ಬರೆಯಲ್ಲ, ಅಪ್ಪ ಅಮ್ಮನೂ ಈ ಪತ್ರಿಕೆ ಓದ್ತಾರೆ. ಒಂದು ವಾರದಲ್ಲಿ ಒಂದು ಕೌದಿ ಆಗುತ್ತೆ ಅಂತ ತಿಳ್ಕೊಳ್ಳಿ.

ಮತ್ತೆ ಬಡವರ ವಸ್ತು ಅಂದ ಮಾತ್ರಕ್ಕೆ ಅದರಲ್ಲಿ ಬುದ್ಧಿ ಇಲ್ಲ ಅಂತಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯೋ ಕೌದಿಗಳನ್ನ ನೋಡಿದ್ದೀರಾ? ಹಳೇ ಸೀರೆಯನ್ನ ಕೆಳಗೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ, ಸಿಕ್ಕ ತುಂಡನ್ನ ಸಿಕ್ಕ ಆಕಾರದಲ್ಲೇ ಅಂಚು ಮಡಚಿ ಕೂಡಿಸ್ತಾ, ಸುತ್ತು ಹೊಡೆದು ನಡುವಿಗೆ ಬರ್ತಾರೆ. ಮೊದಲೇ ನಕ್ಷೆ ಇಲ್ಲ, ಅಳತೆಗೆ ಕತ್ತರಿಸೋದು ಇಲ್ಲ, ಹಾಗಾಗಿ ಉಳಿಕೆ ಚೂರೂ ಇಲ್ಲ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ತ್ರಿಕೋನ ಸಿಕ್ಕಿಸ್ತಾರೆ, ಅದಕ್ಕೆ ಫೂಲ್ ಅಂತಾರೆ. ಹೊದ್ದುಕೊಳ್ಳೋಕೆ ಅದರಿಂದ ಏನೂ ಉಪಯೋಗ ಇಲ್ಲ. ಆದರೂ ಅದಿಲ್ಲದೆ ಕೌದಿ ಮುಗಿಯಲ್ಲ. ಗತಿಯಿಲ್ಲದೆ ಮಾತ್ರ ಹೊಲಿದಿದ್ದರೆ ಹೂವು ಯಾಕೆ ಬೇಕಿತ್ತು? ಈ ಕೌದಿಗಳು 2011ರಲ್ಲಿ ನ್ಯೂಯಾರ್ಕ್‌ನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಕ್ಕೆ ಹೋಗಿದ್ದವು. ನ್ಯೂಯಾರ್ಕಿಗೆ ಹೋದ ಮೇಲೆ ಬೆಲೆ ಬಂತು ಅಂತ ಹೇಳ್ತಿಲ್ಲ. ಅಲ್ಲಿಯವರು ಕಣ್ಣರಳಿಸಿ ನೋಡಿದ್ದನ್ನ ಇಲ್ಲಿ ಒಬ್ಬ ಟ್ರಂಕಿನ ಹಿಂದೆ ಇಟ್ಟು ಬಂದ ಅಂತ ಹೇಳ್ತಿದ್ದೀವಿ.

ನಮ್ಮ ಮೂರನೆಯವನು ಸಾಗರದವನು. ಅವನ ಊರ ಕಡೆ ದೀವರ ಮನೆಗಳಲ್ಲಿ ಮದುವೆಗೆ ಗೋಡೆ ಮೇಲೆ ಹಸೆ ಚಿತ್ತಾರ ಬರೀತಾರೆ. ಅದರ ಸಾಮಾನಿನ ಪಟ್ಟಿ ಕೇಳಿದರೆ ಯಾವ ಆನ್‌ಲೈನ್ ಕಿಟ್ಟೂ ನಾಚಬೇಕು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ನೆನೆಸಿ ರುಬ್ಬಿದ ಬಿಳಿ, ಅಕ್ಕಿ ಸೀಯುವಂತೆ ಹುರಿದು ಅರೆದ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಬ್ರಷ್ಷು. ಅಷ್ಟೂ ಮನೆಯ ಹಿತ್ತಿಲಿನದು. ಗೋಡೆಗೆ ಟೇಪಿನ ಹಂಗಿಲ್ಲ, ಚಿತ್ರವೇ ಗೋಡೆ. ಪಕ್ಕದ ಮನೆ ಮದುವೆಯಲ್ಲಿ ನೋಡಿದ್ದ ನೆನಪಲ್ಲಿ ಅವನು, ಫ್ರಿಜ್ ಬಂದಿದ್ದ ರಟ್ಟಿನ ಮೇಲೆ ಒಂದು ಪ್ರಯತ್ನ ಮಾಡಿದ. ಕೆಮ್ಮಣ್ಣು ಹೊಸ ಬ್ಲಾಕಿನ ಪಾಯದಿಂದ. ಅಕ್ಕಿ ಮೆಸ್ಸಿನಿಂದ, ಕೇಳಿಯೇ ತಂದಿದ್ದು. ಅಕ್ಕಿ ಬಿಳಿ ಬರೆಯುವಾಗ ಕಾಣೋದೇ ಇಲ್ಲ, ಒಣಗಿದ ಮೇಲೆ ಮೂಡುತ್ತೆ. ನಮಗೆ ಗೊತ್ತಿರಲಿಲ್ಲ, ಕಾಣ್ತಿಲ್ಲ ಅಂತ ಮೇಲೆ ಮೇಲೆ ಬಳಿದೆವು. ಬೆಳಿಗ್ಗೆ ನೋಡಿದರೆ ಗೆರೆಗಳೆಲ್ಲ ಶ್ಯಾವಿಗೆ ದಪ್ಪ. ಎರಡು ದಿನ ಆದ ಮೇಲೆ ಜಿರಲೆಗಳು ಬಂದು ಅರ್ಧ ಚಿತ್ತಾರ ತಿಂದವು. ಇದನ್ನ ಯಾರಾದರೂ ದೀವರ ಅಜ್ಜಿ ನೋಡಿದ್ದರೆ ನಮ್ಮನ್ನ ಅಂಗಳಕ್ಕೂ ಸೇರಿಸ್ತಿರಲಿಲ್ಲ. ಆದರೂ 1,840 ರೂಪಾಯಿಯ ರೂಮಿನಲ್ಲಿ ಆಗದಷ್ಟು ಮಜಾ ಆ ರಾತ್ರಿ ಆಯಿತು, ಮತ್ತೆ ಒಂದು ವಿಷಯ ಕಲಿತೆವು. ಗೆರೆ ಎಳೆಯೋ ಕೈ ಕಿಟ್ಟಿನ ಜೊತೆ ಬರಲ್ಲ.

ಇನ್ನೊಂದು ಮಾತು, ಇದನ್ನ ಸಂಪಾದಕರು ಕತ್ತರಿಸಬಾರದು ಅಂತ ಕೋರಿಕೆ. ರೂಮಿನಲ್ಲಿ ನಾವು ಮಾಡಿದ ತಪ್ಪನ್ನೇ ನಮ್ಮ ಕನ್ನಡ ಸಂಘ ಸ್ಟೇಜಿನ ಮೇಲೆ ಮಾಡ್ತಿದೆ. ಕಳೆದ ನವೆಂಬರ್ ಒಂದರ ಅಲಂಕಾರ ಏನಿತ್ತು? ಥರ್ಮಾಕೋಲಿನ ಕಮಾನು, ಪ್ಲಾಸ್ಟಿಕ್ಕಿನ ಹಳದಿ ಕೆಂಪು ಬಾವುಟದ ಸರ. ಕಟ್ಟಿದವರಲ್ಲಿ ನಾವೂ ಇದ್ದೆವು, ಆದ್ದರಿಂದ ಬೈಗುಳ ನಮಗೂ ಸೇರಿ. ಪ್ಲಾಸ್ಟಿಕ್ ಬಾವುಟ, ಬ್ಯಾನರ್‌ಗಳನ್ನ ಕರ್ನಾಟಕ 2016ರಲ್ಲೇ ನಿಷೇಧಿಸಿತು. ಅಲಂಕಾರದ ಥರ್ಮಾಕೋಲು, ಪ್ಲಾಸ್ಟಿಕ್ ಬಾವುಟ ಎರಡೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಅಂದರೆ ತಾಯಿ ಭುವನೇಶ್ವರಿಗೆ ನಾವು ಕಾನೂನು ಮುರಿದು ಮಂಟಪ ಕಟ್ಟಿದೆವು. ಎರಡನೇ ತಾರೀಖು ಬೆಳಿಗ್ಗೆ ಅದೆಲ್ಲ ಹಾಸ್ಟೆಲ್ ಹಿಂದಿನ ತೊಟ್ಟಿಯಲ್ಲಿತ್ತು, ಒಂದು ನಾಯಿ ಕಮಾನಿನ ಮೇಲೆ ಮಲಗಿತ್ತು.

ಹಳದಿ ಕೆಂಪು ಹಳೇ ಬಟ್ಟೆ ಇಲ್ಲದ ಮನೆ ಯಾವುದಿದೆ? ತ್ರಿಕೋನ ಕತ್ತರಿಸಿ, ಅಂಚು ಮಡಚಿ, ಒಂದು ಹಗ್ಗಕ್ಕೆ ಹೊಲಿದರೆ ಪ್ರತಿ ವರ್ಷ ಕಟ್ಟೋ ತೋರಣ. ಕಾಟನ್ ಇದ್ದರೆ ಒಳ್ಳೇದು. ಪಾಲಿಯೆಸ್ಟರ್ ಸೂಜಿ ಕೆಳಗೆ ಜಾರುತ್ತೆ, ಮಡಚಿದ ಅಂಚು ನಿಲ್ಲಲ್ಲ. ಈಗಿನಿಂದ ನವೆಂಬರ್‌ಗೆ ಬೇಕಾದಷ್ಟು ಸಮಯ ಇದೆ. ಊರಿಗೆ ಹೋದಾಗ ಒಂದೊಂದು ತುಂಡು ತನ್ನಿ. ಯಾರ ಸೀರೆ, ಯಾರ ಪಂಚೆ ಅಂತ ಕೇಳಿಕೊಂಡು ಬಂದರೆ ಇನ್ನೂ ಒಳ್ಳೇದು. ಶನಿವಾರ ಮೆಸ್ ಊಟ ಆದ ಮೇಲೆ ನಮ್ಮ ರೂಮಿನಲ್ಲಿ ಕೂರ್ತೀವಿ. ಹುಡುಗಿಯರ ಹಾಸ್ಟೆಲಿನವರು ಅವರ ಕಡೆ ಇನ್ನೊಂದು ಗುಂಪು ಮಾಡ್ತೀವಿ ಅಂದಿದ್ದಾರೆ. ನಮ್ಮ ಹೊಲಿಗೆ ನೋಡಿ ನಕ್ಕಿದ್ದೂ ಆಗಿದೆ. ಬೀಟ್‌ರೂಟ್ ಮಾರೋರ ಗೋಣಿಚೀಲಕ್ಕೆ ಇದಕ್ಕಿಂತ ಚೆನ್ನಾಗಿ ಹೊಲಿದಿರ್ತಾರಂತೆ.

ಆಯಿಗೆ ಈಗ ಹೊಲಿಯೋಕೆ ಆಗಲ್ಲ. ಒಂದು ಕಣ್ಣಿನ ಪೊರೆ ತೆಗೆದಿದ್ದಾರೆ, ಇನ್ನೊಂದು ಬಾಕಿ ಇದೆ. ಸೂಜಿಗೆ ದಾರ ಪೋಣಿಸೋದೇ ಕಷ್ಟ. ಅವರ ಸೊಸೆ ಕಲಿತಿಲ್ಲ, ಹೆಣ್ಣುಮಕ್ಕಳು ಕಲಿತಿಲ್ಲ. ನಾವು ತಂದ ಕೌದಿಯ ಒಂದು ಮೂಲೆ ಟ್ರಂಕಿಗೆ ಸಿಕ್ಕಿ ಹರಿದಿದೆ. ಅದಕ್ಕೆ ತೇಪೆ ಹಾಕೋಕೆ ಕೂತಿದ್ದೀವಿ. ಬಟ್ಟೆ ಫಸ್ಟ್ ಇಯರ್ ವರ್ಕ್‌ಶಾಪಿನ ನೀಲಿ ಶರ್ಟಿನದು, ಗ್ರೀಸ್ ಕಲೆ ಇನ್ನೂ ಹೋಗಿಲ್ಲ. ಹತ್ತು ದಿನದಲ್ಲಿ ಒಂದು ಅಂಗೈ ಅಗಲ ಆಗಿದೆ.

ಮೊನ್ನೆ ರಾತ್ರಿ ಫೋನಿನಲ್ಲಿ ಆಯಿಗೆ ಹೆಮ್ಮೆಯಿಂದ ಹೇಳಿದೆವು. ತೋರಿಸೋದು ಬೇಡ, ಎಣಿಸಿ ಹೇಳಿ ಅಂದರು. "ಎರಡ ಬಟ್ಟಿನ ಅಗಲದಾಗ ಎಷ್ಟ ಹೊಲಿಗಿ ಬಿದ್ದಾವ?"

ಎಣಿಸಿದೆವು. ಮೂರು.

"ಉದ್ದ ಆದ್ವು. ಕಾಲುಂಗುರ ಸಿಗತಾವ. ಬಿಚ್ಚಿ ಮತ್ತ ಹೊಲೀರಿ" ಅಂದರು.

ನಮ್ಮ ರೂಮಿನಲ್ಲಿ ಯಾರೂ ಕಾಲುಂಗುರ ಹಾಕಲ್ಲ ಆಯಿ ಅಂತ ಹೇಳೋ ಧೈರ್ಯ ಮೂವರಿಗೂ ಆಗಲಿಲ್ಲ. ಮರುದಿನ ಎರಡು ಲ್ಯಾಬ್ ರೆಕಾರ್ಡ್ ಸಬ್‌ಮಿಷನ್ ಇತ್ತು. ಬಿಚ್ಚೋದೇ ಹನ್ನೆರಡೂವರೆ ಆಯಿತು.